ಬಜೆಟ್‌ನಲ್ಲಿ ಒಂದು ಸೊನ್ನೆ: ಪ್ರಿನ್ಸ್ ಎಡ್ವರ್ಡ್ ಕೌಂಟಿಯ ಐದು ವರ್ಷ

ಭಾಗ 1

ಮೊದಲ ಫೋಟೋ ನೋಡಿ. ಕೋಳಿ ಫಾರಂ ಥರ ಕಾಣುತ್ತೆ ಅಲ್ವಾ? ಅದು ಹೈಸ್ಕೂಲು. ಅಮೆರಿಕದ ವರ್ಜೀನಿಯಾ ರಾಜ್ಯದ ಪ್ರಿನ್ಸ್ ಎಡ್ವರ್ಡ್ ಕೌಂಟಿ, ಫಾರ್ಮ್‌ವಿಲ್ ಅನ್ನೋ ಊರು. ಮರದ ಚೌಕಟ್ಟಿಗೆ ಟಾರು ಬಳಿದ ಕಾಗದ ಹೊಡೆದು ನಿಲ್ಲಿಸಿದ ಶೆಡ್ಡುಗಳು. ಅಲ್ಲಿ ಓದ್ತಿದ್ದ ಮಕ್ಕಳೇ ಅದನ್ನ ಕೋಳಿಗೂಡು ಅಂತ ಕರೀತಿದ್ರು.

ನಾನು ಬಿಕಾಂ ಓದ್ತಿದ್ದೀನಿ, ನಿಮಗೆ ಗೊತ್ತೇ ಇದೆ. ಸಾರ್ವಜನಿಕ ಹಣಕಾಸಿನ ಪಾಠದಲ್ಲಿ ಆದಾಯ, ವೆಚ್ಚ, ಅನುದಾನ ಅಂತ ಪಟ್ಟಿ ಬರ್ಕೊಳ್ಳೋವಾಗ ನಿದ್ದೆ ಬರುತ್ತೆ, ಸುಳ್ಳು ಹೇಳಲ್ಲ. ಈ ಕೌಂಟಿಯ ಕತೆ ಓದಿದ ಮೇಲೆ ಆ ಪಟ್ಟಿಗಳನ್ನ ನೋಡೋ ರೀತಿನೇ ಬದಲಾಯ್ತು. ಅದಕ್ಕೇ ಈ ಸರಣಿ.

ಮೊದಲು ಒಂದು ವಿಷಯ ತಿಳ್ಕೊಳ್ಳಿ, ಇಲ್ಲದಿದ್ರೆ ಮುಂದಿನದು ಅರ್ಥ ಆಗಲ್ಲ. ಕೌಂಟಿ ಅಂದ್ರೆ ರಾಜ್ಯದ ಕೆಳಗಿನ ಆಡಳಿತ ಘಟಕ, ನಮ್ಮ ಜಿಲ್ಲೆ ಇದ್ದ ಹಾಗೆ. ನಮ್ಮಲ್ಲಿ ಸರ್ಕಾರಿ ಶಾಲೆ ಮೇಷ್ಟ್ರ ಸಂಬಳ ರಾಜ್ಯದ ಖಜಾನೆಯಿಂದ ಬರುತ್ತೆ. ಅಲ್ಲಿ ಶಾಲೆಯ ದುಡ್ಡಿನ ದೊಡ್ಡ ಪಾಲು ಬರೋದು ಆ ಊರಿನವರೇ ಕಟ್ಟೋ ಆಸ್ತಿ ತೆರಿಗೆಯಿಂದ. ಶಾಲೆ ನಡೆಸೋದಕ್ಕೆ ಒಂದು ಶಾಲಾ ಮಂಡಳಿ ಇರುತ್ತೆ, ಆದ್ರೆ ಅದಕ್ಕೆ ತೆರಿಗೆ ಹಾಕೋ ಅಧಿಕಾರ ಇಲ್ಲ. ತೆರಿಗೆ ಹಾಕೋದು, ಹಣ ಮಂಜೂರು ಮಾಡೋದು ಬೋರ್ಡ್ ಆಫ್ ಸೂಪರ್‌ವೈಸರ್ಸ್ ಅನ್ನೋ ಇನ್ನೊಂದು ಮಂಡಳಿ. ಅಂದ್ರೆ ಬೀಗದ ಕೈ ಒಬ್ಬರ ಹತ್ರ, ದುಡ್ಡಿನ ಚೀಲ ಇನ್ನೊಬ್ಬರ ಹತ್ರ. ಆಗ ಆ ಚೀಲ ಹಿಡಿದವರೆಲ್ಲ ಬಿಳಿಯರು. ಕಪ್ಪು ಮಕ್ಕಳಿಗೆ ಒಂದು ಶಾಲೆ, ಬಿಳಿಯ ಮಕ್ಕಳಿಗೆ ಒಂದು ಶಾಲೆ. ಇದು ರೂಢಿ ಅಷ್ಟೇ ಅಲ್ಲ, ವರ್ಜೀನಿಯಾದ ಕಾನೂನೇ ಹಾಗಿತ್ತು.

ಭಾಗ 2

ಕಪ್ಪು ಮಕ್ಕಳ ರಾಬರ್ಟ್ ರುಸ್ಸಾ ಮೋಟನ್ ಹೈಸ್ಕೂಲನ್ನ 1939ರಲ್ಲಿ ಕಟ್ಟಿದ್ದು 180 ಮಕ್ಕಳಿಗೆ ಅಂತ. 1951ರ ಹೊತ್ತಿಗೆ 450ಕ್ಕೂ ಹೆಚ್ಚು ಮಕ್ಕಳು. ದಾಖಲಾತಿ ಎರಡೂವರೆ ಪಟ್ಟು ಆಯ್ತು, ಕಟ್ಟಡ ಅಷ್ಟೇ ಇತ್ತು. ಹೊಸ ಕಟ್ಟಡ ಕೇಳಿದ್ರೆ ಸಿಕ್ಕಿದ್ದು ಆ ಶೆಡ್ಡುಗಳು. ಮಳೆ ಬಂದ್ರೆ ಸೋರೋದು. ಚಳಿಗಾಲದಲ್ಲಿ ಒಲೆ ಪಕ್ಕ ಕೂತವರಿಗೆ ಸೆಕೆ, ದೂರ ಕೂತವರಿಗೆ ಮೈಮೇಲೆ ಕೋಟು. ಜಿಮ್ ಇಲ್ಲ, ಕ್ಯಾಂಟೀನ್ ಇಲ್ಲ, ಬಸ್ಸು ಬಿಳಿಯರ ಶಾಲೆ ಬಳಸಿ ಬಿಟ್ಟದ್ದು. ಒಂದೊಂದು ಸಲ ಆ ಬಸ್ಸಿನೊಳಗೇ ಕ್ಲಾಸು.

ಬಾರ್ಬರಾ ಜಾನ್ಸ್‌ಗೆ ಆಗ 16 ವರ್ಷ. 1951ರ ಏಪ್ರಿಲ್ 23ರಂದು ಅವಳು ಮತ್ತು ಅವಳ ಗೆಳೆಯರು ಒಂದು ಉಪಾಯ ಮಾಡಿದ್ರು. ಬಸ್ ಸ್ಟ್ಯಾಂಡಲ್ಲಿ ನಿಮ್ಮ ಹುಡುಗರು ಗಲಾಟೆಗೆ ಸಿಕ್ಕಿಹಾಕ್ಕೊಂಡಿದ್ದಾರೆ ಅಂತ ಹೆಡ್‌ಮಾಸ್ಟರಿಗೆ ಸುಳ್ಳು ಫೋನ್ ಹೋಯ್ತು. ಅವರು ಹೊರಟ್ರು. ಇತ್ತ ಎಲ್ಲ ಮಕ್ಕಳನ್ನೂ ಸಭಾಂಗಣಕ್ಕೆ ಕರೆಸಿದ್ರು. ಪರದೆ ಸರಿದಾಗ ವೇದಿಕೆ ಮೇಲೆ ನಿಂತಿದ್ದವಳು ಬಾರ್ಬರಾ. ಮೇಷ್ಟ್ರುಗಳನ್ನ ಹೊರಗೆ ಕಳಿಸಿ, ಇಡೀ ಶಾಲೆಯನ್ನ ಮುಷ್ಕರಕ್ಕೆ ಇಳಿಸಿದಳು. ಎರಡು ವಾರ ನಡೀತು. (ನಾನು 16ರಲ್ಲಿ ಟ್ಯೂಷನ್ ತಪ್ಪಿಸೋಕೂ ಹೆದರ್ತಿದ್ದೆ.)

ಮಕ್ಕಳು ಕೇಳಿದ್ದು ಒಳ್ಳೆ ಕಟ್ಟಡ ಅಷ್ಟೇ. ಆದ್ರೆ ಎನ್‌ಎಎಸಿಪಿ ಅನ್ನೋ ಹಕ್ಕುಗಳ ಸಂಘಟನೆಯ ವಕೀಲರಾದ ಆಲಿವರ್ ಹಿಲ್ ಮತ್ತು ಸ್ಪಾಟ್ಸ್‌ವುಡ್ ರಾಬಿನ್ಸನ್ ಬಂದು, ಬೇರೆ ಬೇರೆ ಶಾಲೆ ಅನ್ನೋ ಪದ್ಧತಿಯನ್ನೇ ಪ್ರಶ್ನೆ ಮಾಡ್ತೀರಾದ್ರೆ ಮಾತ್ರ ಕೇಸು ಹಿಡೀತೀವಿ ಅಂದ್ರು. ಅಪ್ಪ ಅಮ್ಮಂದಿರು, ಮಕ್ಕಳು ಒಪ್ಪಿದ್ರು. ಮುಂದೆ ಅಮೆರಿಕದ ಸುಪ್ರೀಂ ಕೋರ್ಟು ಐದು ಕೇಸುಗಳನ್ನ ಒಟ್ಟಿಗೆ ಸೇರಿಸಿ 1954ರ ಮೇ 17ರಂದು ಬ್ರೌನ್ ತೀರ್ಪು ಕೊಡ್ತು: ಜನಾಂಗದ ಲೆಕ್ಕದಲ್ಲಿ ಶಾಲೆ ಬೇರೆ ಮಾಡೋದು ಸಂವಿಧಾನಕ್ಕೆ ವಿರುದ್ಧ. ಆ ಐದರಲ್ಲಿ ವಿದ್ಯಾರ್ಥಿಗಳೇ ಶುರು ಮಾಡಿದ್ದು ಇದೊಂದೇ.

ಇದರ ನಡುವೆ ಕೌಂಟಿ 1953ರಲ್ಲಿ ಕಪ್ಪು ಮಕ್ಕಳಿಗೆ ಹೊಸ ಹೈಸ್ಕೂಲು ಕಟ್ಟಿಸಿಯೂ ಬಿಟ್ಟಿತ್ತು! ಅಷ್ಟು ವರ್ಷ ಇಲ್ಲದ ದುಡ್ಡು ಎಲ್ಲಿಂದ ಬಂತು? ಕೇಸು ಬಿದ್ದ ಮೇಲೆ ಬಂತು. ಇದನ್ನ ನೆನಪಲ್ಲಿ ಇಟ್ಕೊಳ್ಳಿ.

ಭಾಗ 3

ತೀರ್ಪು ಬಂದ ತಕ್ಷಣ ಏನೂ ಬದಲಾಗಲಿಲ್ಲ. ವರ್ಜೀನಿಯಾದ ಪ್ರಬಲ ಸೆನೆಟರ್ ಹ್ಯಾರಿ ಬರ್ಡ್, ತೀರ್ಪನ್ನ ಎಲ್ಲ ರೀತಿಯಲ್ಲೂ ವಿರೋಧಿಸಿ ಅಂತ ಕರೆ ಕೊಟ್ಟ. ಪ್ರಿನ್ಸ್ ಎಡ್ವರ್ಡ್‌ನ ಸೂಪರ್‌ವೈಸರ್‌ಗಳು ಶಾಲೆಗೆ ವರ್ಷದ ಹಣ ಒಟ್ಟಿಗೆ ಕೊಡೋದನ್ನ ಬಿಟ್ಟು ತಿಂಗಳು ತಿಂಗಳು ಮಂಜೂರು ಮಾಡೋಕೆ ಶುರು ಮಾಡಿದ್ರು. ಕೋರ್ಟು ಯಾವತ್ತು ಆದೇಶ ಮಾಡುತ್ತೋ ಅವತ್ತೇ ನಲ್ಲಿ ನಿಲ್ಲಿಸಬಹುದು ಅಂತ.

1959ರ ಮೇನಲ್ಲಿ ಆ ಆದೇಶ ಬಂತು: ಸೆಪ್ಟೆಂಬರ್‌ನಿಂದ ಕಪ್ಪು ಮಕ್ಕಳನ್ನೂ ಸೇರಿಸಿಕೊಳ್ಳಿ. ಜೂನ್‌ನಲ್ಲಿ ಸೂಪರ್‌ವೈಸರ್‌ಗಳು ಬಜೆಟ್ ಮಾಡಿದ್ರು. ಸರ್ಕಾರಿ ಶಾಲೆ ಅನ್ನೋ ಬಾಬ್ತಿಗೆ ಸೊನ್ನೆ. ಶಾಲೆಗೆ ಅಂತ ಇದ್ದ ತೆರಿಗೆಯನ್ನೇ ಹಾಕಲಿಲ್ಲ.

ಇದನ್ನ ಇನ್ನೊಂದು ಸಲ ಓದಿ. ಶಾಲೆ ಮುಚ್ಚಿ ಅಂತ ಯಾರೂ ಆದೇಶ ಹೊರಡಿಸಲಿಲ್ಲ, ಪೊಲೀಸರು ಬಂದು ಮಕ್ಕಳನ್ನ ಓಡಿಸಲಿಲ್ಲ. ಒಂದು ಸಾಲಿನಲ್ಲಿ ಅಂಕಿ ಬರೀಲಿಲ್ಲ, ಅಷ್ಟೇ. ಸೆಪ್ಟೆಂಬರ್‌ನಲ್ಲಿ ಇಡೀ ಕೌಂಟಿಯ ಒಂದು ಸರ್ಕಾರಿ ಶಾಲೆಯೂ ತೆರೀಲಿಲ್ಲ. 1953ರ ಆ ಹೊಸ ಕಟ್ಟಡ ಕೂಡ.

ವರ್ಜೀನಿಯಾದಲ್ಲಿ ಶಾಲೆ ಮುಚ್ಚಿದ್ದು ಇದೇ ಮೊದಲಲ್ಲ. ಹಿಂದಿನ ವರ್ಷ ನಾರ್ಫೋಕ್, ಷಾರ್ಲಟ್ಸ್‌ವಿಲ್ ಮುಂತಾದ ಕಡೆ ಕೆಲವನ್ನ ಮುಚ್ಚಿದ್ರು, ಕೋರ್ಟು ತಡೆದ ಮೇಲೆ ತೆರೆದ್ರು. ಇಲ್ಲಿ ಮಾತ್ರ ಐದು ವರ್ಷ.

ಬಿಳಿಯ ಮಕ್ಕಳಿಗೆ ಪ್ರಿನ್ಸ್ ಎಡ್ವರ್ಡ್ ಅಕಾಡೆಮಿ ಅನ್ನೋ ಖಾಸಗಿ ಶಾಲೆ ಮೊದಲೇ ತಯಾರಾಗಿತ್ತು. ಚರ್ಚುಗಳಲ್ಲಿ, ಖಾಲಿ ಅಂಗಡಿಗಳಲ್ಲಿ ಕ್ಲಾಸು. ಮೊದಲ ವರ್ಷ ದೇಣಿಗೆಯಲ್ಲಿ ನಡೀತು. 1960ರಿಂದ ನೋಡಿ ಲೆಕ್ಕದ ಜಾಣತನ: ಖಾಸಗಿ ಶಾಲೆಗೆ ಹೋಗೋ ಪ್ರತಿ ಮಗುವಿಗೆ ರಾಜ್ಯದಿಂದ ಪ್ರಾಥಮಿಕಕ್ಕೆ 125 ಡಾಲರ್, ಹೈಸ್ಕೂಲಿಗೆ 150 ಡಾಲರ್. ಕೌಂಟಿಯಿಂದ ಮೇಲೆ 100 ಡಾಲರ್. ಖಾಸಗಿ ಶಾಲೆಗೆ ದೇಣಿಗೆ ಕೊಟ್ಟವರಿಗೆ ಆಸ್ತಿ ತೆರಿಗೆಯಲ್ಲಿ 25 ಪರ್ಸೆಂಟ್‌ವರೆಗೆ ವಿನಾಯಿತಿ. ಸರ್ಕಾರಿ ದುಡ್ಡು ಸರ್ಕಾರಿ ಶಾಲೆಗೆ ಹೋಗೋದು ನಿಂತಿತ್ತು, ಬಿಳಿಯ ಮಕ್ಕಳ ಹತ್ರ ಹೋಗೋದು ನಿಲ್ಲಲಿಲ್ಲ. ಮುಂದಿನ ವರ್ಷ ಫೆಡರಲ್ ಕೋರ್ಟು ಇದಕ್ಕೆ ತಡೆ ಹಾಕ್ತು. ಆಗ ಫೀಸು ಕಟ್ಟೋಕಾಗದ ಕೆಲವು ಬಡ ಬಿಳಿಯ ಮಕ್ಕಳೂ ಮನೇಲಿ ಉಳಿದ್ರು.

ಭಾಗ 4

ಸುಮಾರು 1,700 ಕಪ್ಪು ಮಕ್ಕಳು ಹೊರಗೆ. ಕೆಲವರನ್ನ ಬೇರೆ ಕೌಂಟಿಯ ಅತ್ತೆ, ಅಜ್ಜಿ ಮನೆಗೆ ಕಳಿಸಿದ್ರು. ಕ್ವೇಕರ್ ಪಂಥದ ಒಂದು ಸೇವಾ ಸಂಸ್ಥೆ ಕೆಲವು ಹತ್ತು ಮಕ್ಕಳನ್ನ ಬೇರೆ ರಾಜ್ಯಗಳಲ್ಲಿ ಅಪರಿಚಿತರ ಮನೇಲಿಟ್ಟು ಓದಿಸ್ತು. ಊರಲ್ಲಿ ಉಳಿದವರಿಗೆ ಪಾದ್ರಿ ಫ್ರಾನ್ಸಿಸ್ ಗ್ರಿಫಿನ್ ಥರದವರ ಆಸರೆ, ಚರ್ಚಿನ ನೆಲಮಾಳಿಗೆಯಲ್ಲಿ ಒಂದಿಷ್ಟು ಪಾಠ. ಮೇಷ್ಟ್ರುಗಳು ಕೆಲಸ ಕಳ್ಕೊಂಡು ಊರು ಬಿಟ್ರು. ಎಷ್ಟೋ ಮಕ್ಕಳು ಹೊಲಕ್ಕೆ ಹೋದ್ರು, ತಿರುಗಿ ಬರಲೇ ಇಲ್ಲ.

ನಮ್ಮ ಬ್ಯಾಚಿನವರು ಸ್ವಲ್ಪ ನೆನಪು ಮಾಡ್ಕೊಳ್ಳಿ. ಕೊರೊನಾ ಟೈಮಲ್ಲಿ ಶಾಲೆ ಮುಚ್ಚಿ, 2021ರ ಜುಲೈನಲ್ಲಿ ಎರಡೇ ದಿನದಲ್ಲಿ ಓಎಂಆರ್ ಶೀಟಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದ್ವಲ್ಲ. ಪಿಯುಸಿಗೆ ಬಂದಾಗ ಮೂರು ಗಂಟೆ ಕೂತು ಪರೀಕ್ಷೆ ಬರೆಯೋಕೆ ಕೈ ಏಳ್ತಿರಲಿಲ್ಲ ನನಗೆ. ಅದು ರೋಗ, ಎಲ್ಲರಿಗೂ ಬಂತು, ಆನ್‌ಲೈನ್ ಅಂತಾದ್ರೂ ಏನೋ ಇತ್ತು. ಅಲ್ಲಿ ಐದು ವರ್ಷ, ಅದೂ ರಸ್ತೆ ಆಚೆ ಬಿಳಿಯ ಮಕ್ಕಳ ಬಸ್ಸು ದಿನಾ ಹೋಗೋದನ್ನ ನೋಡ್ಕೊಂಡು.

ಮಿಷಿಗನ್ ಸ್ಟೇಟ್ ಯೂನಿವರ್ಸಿಟಿಯ ರಾಬರ್ಟ್ ಗ್ರೀನ್ ಮತ್ತು ಅವರ ತಂಡ ಅಲ್ಲಿಗೆ ಬಂದು ಮಕ್ಕಳ ಕಲಿಕೆ ಅಳೆದ್ರು. 5ರಿಂದ 22 ವರ್ಷದ ಕಪ್ಪು ಮಕ್ಕಳಲ್ಲಿ ಓದು ಬರಹ ಬಾರದವರು ಶಾಲೆ ಮುಚ್ಚೋವಾಗ 3 ಪರ್ಸೆಂಟ್ ಇದ್ದದ್ದು 23 ಪರ್ಸೆಂಟ್ ಆಗಿತ್ತು. ಬಜೆಟ್‌ನ ಆ ಸೊನ್ನೆ ಇಲ್ಲಿ ಬಂದು 23 ಆಗಿ ಕೂತಿದೆ.

1963ರಲ್ಲಿ ಕೆನಡಿ ಸರ್ಕಾರದ ಒತ್ತಾಸೆಯಿಂದ, ದೇಣಿಗೆ ಹಣದಲ್ಲಿ ಫ್ರೀ ಸ್ಕೂಲ್ಸ್ ಅಂತ ಒಂದು ವರ್ಷದ ಶಾಲೆಗಳು ತೆರೆದ್ವು. ಸುಮಾರು 1,500 ಮಕ್ಕಳು ಬಂದ್ರು, ಬೆರಳೆಣಿಕೆಯಷ್ಟು ಬಿಳಿಯ ಮಕ್ಕಳೂ. ತರಗತಿ ಅಂತ ವಿಂಗಡಿಸೋಕೆ ಆಗಲಿಲ್ಲ. ಹತ್ತು ವರ್ಷದ ಮಗು ಮೊದಲ ಸಲ ಶಾಲೆಗೆ ಬಂದ್ರೆ ಯಾವ ಕ್ಲಾಸಲ್ಲಿ ಕೂರಿಸ್ತೀರಾ? ವಯಸ್ಸು ಬಿಟ್ಟು, ಯಾರಿಗೆ ಎಷ್ಟು ಬರುತ್ತೋ ಅದರ ಮೇಲೆ ಗುಂಪು ಮಾಡಿದ್ರು.

ಭಾಗ 5

1964ರ ಮೇ 25ರಂದು ಸುಪ್ರೀಂ ಕೋರ್ಟು ಪಾದ್ರಿ ಗ್ರಿಫಿನ್ ಅವರ ಹೆಸರಿನ ಕೇಸಲ್ಲಿ ತೀರ್ಪು ಕೊಡ್ತು. ಅದರಲ್ಲಿ ನಮ್ಮಂಥ ಕಾಮರ್ಸ್‌ನವರು ಅಂಡರ್‌ಲೈನ್ ಮಾಡಬೇಕಾದ ಒಂದು ಅಂಶ ಇದೆ: ಬೇಕಾದ್ರೆ ಕೆಳಗಿನ ಕೋರ್ಟು ಸೂಪರ್‌ವೈಸರ್‌ಗಳಿಗೆ ತೆರಿಗೆ ಹಾಕಿ ಶಾಲೆ ನಡೆಸಿ ಅಂತಲೇ ಆದೇಶ ಮಾಡಬಹುದು. ಬಜೆಟ್ ನಮ್ಮ ಇಷ್ಟ ಅನ್ನೋ ವಾದ ಅಲ್ಲಿಗೆ ಮುಗೀತು.

ಪೂರ್ತಿ ಮುಗೀತಾ? ಜೂನ್‌ನಲ್ಲಿ ಅವರು ಮಂಜೂರು ಮಾಡಿದ್ದು ನೋಡಿ. ಸರ್ಕಾರಿ ಶಾಲೆಗಳಿಗೆ 1,89,000 ಡಾಲರ್. ಖಾಸಗಿ ಶಾಲೆ ಫೀಸಿನ ಅನುದಾನಕ್ಕೆ 3,75,000 ಡಾಲರ್. ಸೆಪ್ಟೆಂಬರ್‌ನಲ್ಲಿ ಸರ್ಕಾರಿ ಶಾಲೆಗೆ ಸೇರಿದ್ದು ಸುಮಾರು 1,500 ಮಕ್ಕಳು, ಅದರಲ್ಲಿ ಬಿಳಿಯ ಮಕ್ಕಳು 8. ಭಾಗಿಸಿದ್ರೆ ಕೌಂಟಿಯ ಕಡೆಯಿಂದ ತಲಾ 126 ಡಾಲರ್. ಬಾಗಿಲು ತೆರೀತು, ಆದ್ರೆ ಚೀಲದ ಬಾಯಿ ಪೂರ್ತಿ ತೆರೀಲಿಲ್ಲ. ಅದಕ್ಕೆ ಮತ್ತೆ ಕೋರ್ಟು, ಮತ್ತೆ ವರ್ಷಗಳು. ಬಿಳಿಯ ಮಕ್ಕಳು ದೊಡ್ಡ ಸಂಖ್ಯೆಯಲ್ಲಿ ವಾಪಸ್ ಬರೋಕೆ 1970ರ ದಶಕ ಬೇಕಾಯ್ತು. ಜನಾಂಗ ಭೇದದ ಕಾರಣಕ್ಕೆ ಅಕಾಡೆಮಿಯ ತೆರಿಗೆ ವಿನಾಯಿತಿ 1978ರಲ್ಲಿ ಹೋಯ್ತು. ಕಪ್ಪು ಮಕ್ಕಳಿಗೂ ಬಾಗಿಲು ತೆರೀತೀವಿ ಅಂತ ಒಪ್ಪಿದ ಮೇಲೆ ಅದು ವಾಪಸ್ ಸಿಕ್ತು.

ಬಾರ್ಬರಾ ಜಾನ್ಸ್ ಇದನ್ನೆಲ್ಲ ಊರಲ್ಲಿದ್ದು ನೋಡಲಿಲ್ಲ. ಮುಷ್ಕರ ಆದ ಮೇಲೆ ಜೀವಭಯದಿಂದ ಮನೆಯವರು ಅವಳನ್ನ ಅಲಬಾಮಾದಲ್ಲಿದ್ದ ಚಿಕ್ಕಪ್ಪನ ಹತ್ರ ಕಳಿಸಿದ್ರು. ಮುಂದೆ ಫಿಲಡೆಲ್ಫಿಯಾದಲ್ಲಿ ಲೈಬ್ರೇರಿಯನ್ ಆಗಿದ್ದು, 1991ರಲ್ಲಿ ತೀರಿಕೊಂಡ್ರು. ಹಳೇ ಮೋಟನ್ ಶಾಲೆ ಈಗ ಮ್ಯೂಸಿಯಂ.

ಕೊನೇ ಫೋಟೋ ಆ ಮ್ಯೂಸಿಯಂನದು. 2003ರಲ್ಲಿ, ಅವತ್ತು ಶಾಲೆ ತಪ್ಪಿಹೋದವರಿಗೆ ಗೌರವ ಡಿಪ್ಲೊಮಾ ಕೊಟ್ಟರು. ಎಲ್ಲರಿಗೂ 45, 50 ದಾಟಿತ್ತು. ಮುಂದಿನ ವರ್ಷ ವರ್ಜೀನಿಯಾ ರಾಜ್ಯ ಅವರ ಓದಿಗೆ ಅಂತ ಒಂದು ಸ್ಕಾಲರ್‌ಶಿಪ್ ತಂತು. ಒಬ್ಬ ದಾನಿ 10 ಲಕ್ಷ ಡಾಲರ್ ಕೊಟ್ರು, ರಾಜ್ಯವೂ ಅಷ್ಟೇ ಹಾಕ್ತು. ಹೈಸ್ಕೂಲ್ ಸಮಾನ ಪರೀಕ್ಷೆಯಿಂದ ಹಿಡಿದು ಡಿಗ್ರಿವರೆಗೆ ಯಾವುದಕ್ಕಾದ್ರೂ ಅರ್ಜಿ ಹಾಕಬಹುದಿತ್ತು. ಮೊಮ್ಮಕ್ಕಳಿದ್ದವರು ಪುಸ್ತಕ ಹಿಡ್ಕೊಂಡು ಮತ್ತೆ ಕ್ಲಾಸಲ್ಲಿ ಕೂತ್ರು.