ಧನ-ಋಣಗಳ ಪದರು: ಒಂದು ವಿಜ್ಞಾನವಿಧಾನದ ಚರಿತ್ರೆ

ಕದಡಿದ ನೀರಿನಲ್ಲಿ ಚಿಲ್ಲದ ಬೀಜವನ್ನು ತೇದು ಬೆರೆಸಿದರೆ ಮಣ್ಣು ತಳಕ್ಕಿಳಿದು ನೀರು ತಿಳಿಯಾಗುವುದೆಂಬ ಸಂಗತಿ ನಮ್ಮ ಹಿರಿಯರಿಗೆ ತಿಳಿದಿತ್ತು. ಸಂಸ್ಕೃತದಲ್ಲಿ ಕತಕವೆನಿಸುವ ಈ ಬೀಜವನ್ನು ಸುಶ್ರುತಸಂಹಿತೆಯು ಜಲಶೋಧನದ ಪ್ರಸಂಗದಲ್ಲಿ ಹೇಳುತ್ತದೆ; ಮನುಸ್ಮೃತಿಯ ಆರನೆಯ ಅಧ್ಯಾಯದಲ್ಲಿ ಅದು ದೃಷ್ಟಾಂತವಾಗಿ ಬರುತ್ತದೆ. ಬೀಜದ ಸಾರದಲ್ಲಿರುವುದು ವಿದ್ಯುದಂಶವನ್ನು ಹೊತ್ತ ಪಾಲಿಮರು, ಎಂದರೆ ಉದ್ದನೆಯ ಸರಪಣಿಯಂಥ ಅಣು. ಅದು ಮಣ್ಣಿನ ಕಣಗಳನ್ನು ಸೇತುವೆಯಂತೆ ಒಂದಕ್ಕೊಂದು ಹೆಣೆದು ಭಾರವಾಗಿಸುತ್ತದೆ ಎಂದು ಇಂದಿನ ರಸಾಯನಶಾಸ್ತ್ರವು ವಿವರಿಸುತ್ತದೆ. ಇಷ್ಟನ್ನೇ ಆಧಾರವಾಗಿ ಹಿಡಿದು ನ್ಯಾನೊ ವಿಜ್ಞಾನವೂ ನಮ್ಮಲ್ಲಿತ್ತೆಂದು ಸಾರುವುದು ಮಾತ್ರ ಚರಿತ್ರೆಯಾಗಲಾರದು. ನೀರನ್ನು ತಿಳಿಗೊಳಿಸುವುದು ಬೇರೆ. ಅದೇ ಬಗೆಯ ಅಣುಗಳನ್ನು ಲೆಕ್ಕವಿಟ್ಟು ಪದರಿನ ಮೇಲೆ ಪದರಾಗಿ ಕಟ್ಟುವುದು ಬೇರೆ. ಈ ಎರಡನೆಯದಕ್ಕೆ ತನ್ನದೇ ಆದ ಇತಿಹಾಸವಿದೆ.

ಅಮೆರಿಕದ ಲ್ಯಾಂಗ್ಮ್ಯೂರರು 1917ರಲ್ಲಿ ನೀರಿನ ಮೇಲೆ ತೇಲುವ ಒಂದೇ ಅಣುವಿನ ದಪ್ಪದ ಪೊರೆಯನ್ನು ಕುರಿತು ಬರೆದರು. ಅವರ ಸಹೋದ್ಯೋಗಿ ಕ್ಯಾಥರಿನ್ ಬ್ಲಾಜೆಟ್ಟರು 1935ರಲ್ಲಿ ಅಂಥ ಪೊರೆಗಳನ್ನು ಗಾಜಿನ ಮೇಲೆ ಒಂದರ ಮೇಲೊಂದಾಗಿ ಎತ್ತಿಕೊಳ್ಳುವ ಕ್ರಮವನ್ನು ಪ್ರಕಟಿಸಿದರು. ಅದು ನಾಜೂಕಿನ ಕೆಲಸ. ವಿಶೇಷ ತೊಟ್ಟಿಯಿಲ್ಲದೆ ಆಗದು.

ಇದಕ್ಕಿಂತ ಸರಳವಾದ ದಾರಿಯನ್ನು ತೋರಿಸಿದವರು ಡ್ಯೂಪಾಂಟ್ ಕಂಪನಿಯ ರಸಾಯನಜ್ಞ ಐಲರರು. 1966ರ ಲೇಖನವೊಂದರಲ್ಲಿ ಅವರು ವರ್ಣಿಸಿದ ಪ್ರಯೋಗವನ್ನು ಪ್ರೌಢಶಾಲೆಯ ವಿದ್ಯಾರ್ಥಿಯೂ ಗ್ರಹಿಸಬಲ್ಲನು. ಗಾಜನ್ನು ಧನ ವಿದ್ಯುದಂಶವುಳ್ಳ ಅಲ್ಯೂಮಿನ ಕಣಗಳ ದ್ರವದಲ್ಲಿ ಅದ್ದಿ, ತೊಳೆದು, ಋಣ ವಿದ್ಯುದಂಶವುಳ್ಳ ಸಿಲಿಕ ಕಣಗಳ ದ್ರವದಲ್ಲಿ ಅದ್ದುವುದು. ಮತ್ತೆ ತೊಳೆದು ಮೊದಲಿನದರಲ್ಲಿ ಅದ್ದುವುದು. ಮಳೆಗಾಲದ ರಸ್ತೆಯಲ್ಲಿ ಚೆಲ್ಲಿದ ಎಣ್ಣೆಯಲ್ಲಿ ಕಾಣುವಂತೆ, ಪೊರೆ ದಪ್ಪವಾದಂತೆಲ್ಲ ಅದರ ಬಣ್ಣವೂ ಬದಲಾಗುತ್ತದೆ. ಇಷ್ಟು ಸುಲಭವಾದ ವಿಧಾನವು ಸುಮಾರು ಕಾಲು ಶತಮಾನ ಹೆಚ್ಚಿನವರ ಕಣ್ಣಿಗೆ ಬೀಳದೆ ಉಳಿಯಿತು.

1991-92ರಲ್ಲಿ ಜರ್ಮನಿಯ ಮೈಂಜಿನಲ್ಲಿದ್ದ ಗೆರೊ ಡೆಕರರೂ ಅವರ ಸಹೋದ್ಯೋಗಿಗಳೂ ಕಣಗಳ ಬದಲು ಪಾಲಿಮರುಗಳಿಂದ ಇದನ್ನೇ ಸಾಧಿಸಿದರು. ಒಂದೊಂದು ಪದರಿನ ದಪ್ಪ ಹೆಚ್ಚೆಂದರೆ ಕೆಲವೇ ನ್ಯಾನೊಮೀಟರು, ಅಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಕೆಲವು ಭಾಗ. ಇಲ್ಲಿನ ರಹಸ್ಯವನ್ನು ಬ್ಯಾಂಕಿನ ಖಾತೆಪುಸ್ತಕದೊಡನೆ ದಿನ ಕಳೆಯುವ ನನ್ನಂಥವನು ತನ್ನ ಭಾಷೆಯಲ್ಲಿ ಹೇಳಿದರೆ ವಾಚಕರು ಮನ್ನಿಸಬೇಕು. ಋಣವನ್ನು ಧನವು ಸರಿಯಾಗಿ ತೀರಿಸಿಬಿಟ್ಟರೆ ಖಾತೆ ಮುಚ್ಚುತ್ತದೆ. ಮುಂದಿನ ಪದರಿಗೆ ಅಂಟಿಕೊಳ್ಳಲು ಏನೂ ಉಳಿಯುವುದಿಲ್ಲ. ಆದರೆ ಉದ್ದನೆಯ ಅಣು ಅಲ್ಲಲ್ಲಿ ಮಾತ್ರ ಅಂಟಿ, ಉಳಿದ ಭಾಗವನ್ನು ಹೊರಚಾಚಿ, ಸಾಲಕ್ಕಿಂತ ಹೆಚ್ಚು ಪಾವತಿಮಾಡುತ್ತದೆ. ಋಣವಾಗಿದ್ದ ಮೈ ಧನವಾಗುತ್ತದೆ. ಆಮೇಲೆ ಬರುವ ಧನದ ಅಣುಗಳನ್ನು ಅದೇ ದೂರ ತಳ್ಳುವುದರಿಂದ ಪದರು ತಾನಾಗಿ ನಿಲ್ಲುತ್ತದೆ. ಅದ್ದುವ ಕೈಗೆ ಹೆಚ್ಚಿನ ಕುಶಲತೆ ಬೇಕಿಲ್ಲದಿರುವುದು ಇದರಿಂದಲೇ.

ಹಾಗಾದರೆ ಶೋಧನೆಯ ಕೀರ್ತಿ ಯಾರದು? ಐಲರರು ಮೊದಲಿಗರೆಂಬುದರಲ್ಲಿ ಸಂದೇಹವಿಲ್ಲ. ಆದರೆ ಪಾಲಿಮರು, ಪ್ರೋಟೀನು, ಕಣ ಮೊದಲಾದ ಎಲ್ಲಕ್ಕೂ ಒಗ್ಗುವ ಸಾಮಾನ್ಯ ವಿಧಾನವಾಗಿ ಅದನ್ನು ರೂಢಿಗೆ ತಂದವರು ಡೆಕರರು. ‘ಸೈನ್ಸ್’ ಪತ್ರಿಕೆಯ 1997ರ ಲೇಖನದಿಂದ ಅದು ಲೋಕವಿಖ್ಯಾತವಾಯಿತು. ಹೆಸರು ಡೆಕರರದಾಗಿ ಉಳಿದುದು ನನ್ನ ಮಟ್ಟಿಗೆ ಅನ್ಯಾಯವಲ್ಲ. ಐಲರರನ್ನು ಮರೆತರೆ ಮಾತ್ರ ಅನ್ಯಾಯ.

1998ರಲ್ಲಿ ಜರ್ಮನಿಯ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ಮೋವಾಲ್ಡರ ಬಳಗವು ಸೂಕ್ಷ್ಮ ಗುಂಡುಗಳ ಮೇಲೆ ಪದರು ಕಟ್ಟಿ, ಒಳಗಿನ ಗುಂಡನ್ನು ಕರಗಿಸಿ, ಟೊಳ್ಳು ಕೋಶವನ್ನು ಉಳಿಸಿಕೊಂಡಿತು. ಔಷಧವನ್ನು ತುಂಬಿಡಲು ಇದು ತಕ್ಕುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಶೋಕ್ ರಾಯಚೂರರು ಇಂಥ ಕೋಶಗಳ ಮೇಲೆ ಕೆಲಸಮಾಡಿದ್ದಾರೆ. ನಮ್ಮ ನಗರದ ಪವಾಯಿಯಲ್ಲಿ, 1958ರಲ್ಲಿ ಆರಂಭವಾದ ಐ.ಐ.ಟಿ.ಯಲ್ಲಿ, ರೋಹಿತ್ ಶ್ರೀವಾಸ್ತವರ ಬಳಗವು ಆಲ್ಜಿನೇಟಿನ ಗುಂಡುಗಳಿಗೆ ಪದರು ಹೊದಿಸಿ ಮೈಯ ಸಕ್ಕರೆಯನ್ನು ಅಳೆಯುವ ಪ್ರಯೋಗಗಳನ್ನು ನಡೆಸಿದೆ. ಸಕ್ಕರೆಯ ಚಿಕ್ಕ ಅಣು ಪದರನ್ನು ದಾಟಿ ಒಳಹೋಗುತ್ತದೆ. ಒಳಗಿನ ದೊಡ್ಡ ಕಿಣ್ವ ಹೊರಬರಲಾರದು. ಆಲ್ಜಿನೇಟು ಕಡಲಪಾಚಿಯಿಂದ ಬರುವ ಋಣ ಪಾಲಿಮರು. ಅದಕ್ಕೆ ಜೋಡಿಯಾಗಬಲ್ಲ ಧನ ಪಾಲಿಮರುಗಳಲ್ಲಿ ಒಂದಾದ ಕೈಟೊಸಾನನ್ನು ಸಿಗಡಿಯ ಚಿಪ್ಪಿನಿಂದ ಕ್ಷಾರದ ನೆರವಿನಿಂದ ತಯಾರಿಸುತ್ತಾರೆ. ಕೊಲಾಬಾದ ಸಸೂನ್ ಡಾಕಿನಲ್ಲಿ ಹೆಂಗಸರು ಸಿಗಡಿ ಸುಲಿದು ಬದಿಗೆ ಹಾಕುವುದು ಅದೇ ಚಿಪ್ಪು.