ಕಾಡುಬಸಳಿ ಯಾಕ ಕೊಳೀತದ: ಒಂದು ಹಳೇ ಕಥಿ

ಅಕ್ಕಾರ, ವೈನಿಯವರ, ಮಳಿಗಾಲ ಬಂತಂದ್ರ ಓಣ್ಯಾಗ ಒಂದು ಮಾತು ಕೇಳಿ ಬರತದ: "ಆಕಿ ಕೈಗುಣ ಛಲೋ ಇಲ್ಲ, ಕಾಡುಬಸಳಿಯಂಥಾ ಗಿಡಾನೂ ಉಳಸ್ಲಿಲ್ಲ." ಎಲಿ ಕಿತ್ತು ಒಗದಲ್ಲೇ ಹುಟ್ಟೋ ಗಿಡ ಅದು. ಅಂಥಾದ್ದು ಸತ್ತಾಗ ಮಾತು ಬರೋದು ಮನಿಗೆ ಹೊಸದಾಗಿ ಬಂದ ಸೊಸಿ ಮ್ಯಾಲೆ. ಆದ್ರ ಈ ಗಿಡ ಯಾಕ ಸಾಯತದ ಅನ್ನೋದಕ್ಕ ಇನ್ನೂರು ವರ್ಷದ ಹಿಂದಿನ ಒಂದು ಕಥಿ ಅದ. ಅದನ್ನ ಕೇಳಿದ ಮ್ಯಾಲೆ ಕೈಗುಣದ ಮಾತು ನೀವ ಬಿಡತೀರಿ.

ಕಾಡುಬಸಳಿಗೆ ಮರಾಠಿಯವರು ಪಾನಫುಟಿ ಅಂತಾರ, ಅಂದ್ರ ಎಲಿಯಿಂದ ಒಡಿಯೋದು. ನಮ್ಮ ಹಿತ್ತಲದಾಗ ಎಷ್ಟು ಹಳೇದ ಅನಸಿದ್ರೂ ಇದರ ತವರುಮನಿ ಆಫ್ರಿಕಾದ ಹತ್ತಿರದ ಮಡಗಾಸ್ಕರ್ ದ್ವೀಪ. ಫ್ರಾನ್ಸಿನ ಲಾಮಾರ್ಕ್ 1786ರಾಗ ಇದಕ್ಕ ಶಾಸ್ತ್ರದ ಹೆಸರು ಕೊಟ್ಟ. ಜರ್ಮನಿಯ ದೊಡ್ಡ ಕವಿ ಗಯಟೆಗೆ ಈ ಗಿಡದ ಹುಚ್ಚು ಹಿಡದಿತ್ತು. ಎಲಿ ಅಂಚಿನಾಗ ಮರಿ ಹುಟ್ಟೋದು ನೋಡಿ ಖುಷಿಪಟ್ಟು, ಗೆಳೆಯರಿಗೆ ಎಲಿ ಕಳಸತಿದ್ದ. ನಾವು ಬೀಗರ ಮನಿಗೆ ಹೋದಾಗ ಒಂದು ಕಡ್ಡಿ ಮುರಕೊಂಡು ಬರೋದಿಲ್ಲೇನು, ಹಂಗ.

ನಮ್ಮ ಕಥಿಗೆ ಬೇಕಾದವ ಬೆಂಜಮಿನ್ ಹೇನ್. ಜರ್ಮನಿಯಿಂದ ಬಂದು ಈಸ್ಟ್ ಇಂಡಿಯಾ ಕಂಪನಿ ಸೇರಿದ ಸಸ್ಯಶಾಸ್ತ್ರಜ್ಞ. 1799ರಾಗ ಶ್ರೀರಂಗಪಟ್ಟಣ ಬಿದ್ದ ಮ್ಯಾಲೆ ಬೆಂಗಳೂರಿನ ಲಾಲ್‌ಬಾಗ್ ತೋಟ ಈತನ ಉಸ್ತುವಾರಿಗೆ ಬಂತು. ಈತ ಒಮ್ಮೆ ಕಾಡುಬಸಳಿ ಎಲಿ ಬಾಯಾಗ ಹಾಕ್ಕೊಂಡು ರುಚಿ ನೋಡಿದ. ಮುಂಜಾನೆ ಭಾಳ ಹುಳಿ. ಮಧ್ಯಾಹ್ನ ಸಪ್ಪಗ. ಸಂಜಿಗೆ ಒಂಚೂರು ಕಹಿ. ಒಂದ ಗಿಡದ ಎಲಿ, ದಿನದಾಗ ಮೂರು ರುಚಿ! ಈ ಸಂಗತಿಯನ್ನ ಆತ ಲಂಡನ್ನಿನ ಲ್ಯಾಂಬರ್ಟ್ ಅನ್ನೋವರಿಗೆ ಪತ್ರದಾಗ ಬರದ. ಅದು 1815ರಾಗ ಲಿನಿಯನ್ ಸೊಸೈಟಿಯ ಸಂಪುಟದಾಗ ಅಚ್ಚಾತು. (ನೀವು ರುಚಿ ನೋಡಲಿಕ್ಕೆ ಹೋಗಬ್ಯಾಡ್ರಿ. ಈ ಗಿಡ ತಿಂದು ದನ ಸತ್ತಿದ್ದೂ ಅದ.)

ಹುಳಿ ಎಲ್ಲಿಂದ ಬಂತು? ಇದನ್ನ ಪೂರ್ತಿ ಬಿಡಸಲಿಕ್ಕೆ ವಿಜ್ಞಾನಿಗಳಿಗೆ ಇಪ್ಪತ್ತನೇ ಶತಮಾನನ ಬೇಕಾತು. ಬಾಕಿ ಗಿಡ ಹಗಲೊತ್ತು ಎಲಿಯ ಸಣ್ಣ ರಂಧ್ರ ತಕ್ಕೊಂಡು ಗಾಳಿ ಒಳಗ ತೊಗೋತಾವ. ಆಗ ನೀರೂ ಆವಿಯಾಗಿ ಹೊರಗ ಹೋಗತದ. ಕಾಡುಬಸಳಿ ಜಾಣಿ. ಬಿಸಲಾಗ ಬಾಗಲಾ ಹಾಕ್ಕೊಂಡು ಕೂಡತದ, ರಾತ್ರಿ ತಂಪಾದ ಮ್ಯಾಲೆ ತಗೀತದ. ರಾತ್ರಿ ಒಳಗ ಬಂದದ್ದನ್ನ ಮ್ಯಾಲಿಕ್ ಆಮ್ಲ ಮಾಡಿ ಕೂಡಿಡತದ. ಸೇಬಿನ ಹಣ್ಣಿನಾಗ ಇರೋದೂ ಅದೇ ಹುಳಿ. ಹಗಲಾದ ಮ್ಯಾಲೆ ಅದನ್ನ ಖರ್ಚು ಮಾಡಿ ಅನ್ನ ಮಾಡ್ಕೋತದ. ಅದಕ್ಕ ಮುಂಜಾನೆ ಹುಳಿ, ಮಧ್ಯಾಹ್ನ ಸಪ್ಪಗ.

ಇಂಥಾ ಕಾಟಕಸರಿನ ಗಿಡಕ್ಕ ನೀರು ಭಾಳ ಬೇಕಾಗೋದಿಲ್ಲ. ನಾವು ತುಳಸಿಗೆ ಹಾಕಿದಂಗ ದಿನಾ ಒಂದು ತಂಬಿಗಿ ಹಾಕಿದ್ವಿ ಅಂದ್ರ ಅದು ಕುಡಿಯೋದಿಲ್ಲ, ಮಣ್ಣಾಗ ನಿಲ್ಲತದ. ಬೇರಿಗೂ ಗಾಳಿ ಬೇಕು. ಗಾಳಿ ಸಿಗದ ಬೇರು ಕೊಳೀತದ.

ಲೋಳಸರದ ಕಥಿನೂ ಇಂಥಾದ್ದ. ಅದರ ತವರು ಅರಬಸ್ತಾನದ ಒಣ ನೆಲ. ಎಡ್ವರ್ಡ್ ಲೇನ್ ಅನ್ನೋ ಇಂಗ್ಲಿಷ್ ವಿದ್ವಾಂಸ 1836ರ ಪುಸ್ತಕದಾಗ ಕೈರೋ ಊರಿನ ಪದ್ಧತಿ ಬರದಾನ. ಅಲ್ಲೆ ಹೊಸಾ ಮನಿ ಬಾಗಲಕ್ಕ ಲೋಳಸರ ಕಟ್ಟತಿದ್ರು. ಮನಿ ಮಂದಿ ಬಾಳಿ ಬದುಕಲಿ ಅಂತ. ಮಣ್ಣಿಲ್ಲದ, ನೀರಿಲ್ಲದ ಅದು ವರ್ಷಾನುಗಟ್ಟಲೆ ಬದುಕಿ ಹೂವೂ ಬಿಡತಿತ್ತು. ಅರಬಿಯಾಗ ಅದರ ಹೆಸರು ಸಬ್ರ್, ತಾಳ್ಮಿಗೂ ಅದೇ ಮಾತು. ನಾವು "ಸಬೂರಿ ಇರಲಿ" ಅಂತೀವಲ್ಲ, ಅದೂ ಅದೇ ಬೇರಿಂದ ಬಂದದ್ದು. ನಮ್ಮ ಮನಿಗಳ ಬಾಗಲಾಗೂ ಲೋಳಸರ ತಲಿಕೆಳಗಾಗಿ ತೂಗತಿರತದ. ದೃಷ್ಟಿ ಹೋಗತದೋ ಇಲ್ಲೋ, ನೀರಿಲ್ಲದ ಬದಕತದ ಅನ್ನೋದಂತೂ ಕಣ್ಣಮುಂದ ಅದ.

ಈಗ ಜಡ್ಡು ಹಿಡದ ಗಿಡದ ಮುಂದ ಕೂತು ಎಲಿ ಮುಟ್ಟಿ ನೋಡ್ರಿ. ಎಲಿ ತೆಳ್ಳಗಾಗಿ, ಸುಕ್ಕಾಗಿ, ಮಣ್ಣೂ ಒಣಗಿದ್ರ ಅದಕ್ಕ ನೀರಡಿಕಿ ಆಗೇದ. ಒಮ್ಮೆ ಪೂರಾ ನೀರು ಹಾಕ್ರಿ, ಚೇತರಿಸಿಕೊಳ್ಳತದ. ಎಲಿ ಹಳದಿಯಾಗಿ, ಮೆತ್ತಗಾಗಿ, ಮುಟ್ಟಿದ್ರ ಉದರತಿದ್ರ, ಬುಡ ಕರ್ರಗಾಗಿದ್ರ ನೀರು ಹೆಚ್ಚಾಗೇದ. ಎರಡರಾಗೂ ಗಿಡ ಬಾಡಿದಂಗ ಕಾಣತದ. ಅದಕ್ಕ ಮಂದಿ ಕೊಳತ ಗಿಡಕ್ಕ ಮತ್ತಷ್ಟು ನೀರು ಹಾಕತಾರ. ಕಾಂಡ ಉದ್ದಾಗಿ, ಎಲಿ ದೂರದೂರ ಬಂದಿದ್ರ ಬೆಳಕು ಕಡಿಮಿ. ಎಲಿ ಸಂದಿನಾಗ ಹತ್ತಿಯಂಥಾ ಬಿಳಿ ಹುಳ ಇದ್ರ ಒದ್ದಿ ಅರಿವಿಲೆ ಒರಸಿ ತಗೀರಿ.

ಕೊಳತಿದ್ರ ಗಿಡ ಕಿತ್ತು ಮಣ್ಣು ಝಾಡಸ್ರಿ. ಕರ್ರಗ, ಮೆತ್ತಗ ಆದ ಬೇರು ಎಲ್ಲಾ ಕತ್ತರಿಸಿ, ನೆರಳಾಗ ನಾಲ್ಕೈದು ದಿನ ಒಣಗಲಿಕ್ಕೆ ಬಿಡ್ರಿ. ಗಾಯ ಒಣಗಿದ ಮ್ಯಾಲೆ ಅರ್ಧ ಮಣ್ಣು, ಅರ್ಧ ದಪ್ಪ ಉಸುಕು ಕೂಡಿಸಿ, ತಳಕ್ಕ ತೂತಿದ್ದ ಕುಂಡದಾಗ ಹಚ್ಚರಿ. ಒಂದು ವಾರ ನೀರು ಬ್ಯಾಡ. ಆಮ್ಯಾಲೆ ಬೆರಳು ಹಾಕಿ ನೋಡಿ, ಒಳಗೂ ಒಣಗಿದ್ರಷ್ಟ ನೀರು.

ಬುಡ ಪೂರಾ ಹೋಗಿದ್ರ ಕಾಡುಬಸಳಿಯ ಒಂದು ಗಟ್ಟಿ ಎಲಿ ಹಸಿ ಉಸುಕಿನ ಮ್ಯಾಲೆ ಇಡ್ರಿ, ಅಂಚಿನಿಂದ ಮರಿ ಬರತಾವ. ಲೋಳಸರದ ಎಲಿ ಹಂಗ ಚಿಗಿಯೋದಿಲ್ಲ. ಅದರ ಬುಡದಾಗ ಬಂದ ಮರಿ ಬೇರು ಸಹಿತ ಬಿಡಸಿ ಹಚ್ಚಬೇಕು.

ತಳಕ್ಕ ತೂತಿಲ್ಲದ ಚಂದನ ಕಪ್ಪಿನಾಗ ಇಂಥಾ ಗಿಡ ಉಡುಗೊರಿ ಬಂದ್ರ, ಮದಲ ಕಪ್ಪು ಬದಲಾಯಿಸ್ರಿ. ಮತ್ತ ಮನ್ಯಾಗ ಯಾರರೆ "ಕೈಗುಣ" ಅಂದ್ರ, ಕುಂಡ ಬೋರಲು ಹಾಕಿ ಬೇರು ತೋರಸ್ರಿ. ಆಕಿ ದಿನಾ ನೆನಪಿಲೆ ನೀರು ಹಾಕಿದ್ದು ಅಲ್ಲೆ ಕಾಣತದ.