ಮೊದಲ ಎಡೆ

ಕನ್ನಡದಲ್ಲಿ ‘ಧನ್ಯವಾದ’ವೆಂಬುದು ಸಭೆಯ ಮಾತು. ವಂದನಾರ್ಪಣೆಯ ಹೊತ್ತಿಗೆ ವೇದಿಕೆಯ ಮೇಲೆ ಕಾಣಿಸಿಕೊಂಡು, ಜನ ಎದ್ದು ಚಪ್ಪಲಿ ಹುಡುಕತೊಡಗುವಷ್ಟರಲ್ಲಿ ಅದು ಮರೆಯಾಗುತ್ತದೆ. ಮನೆಯೊಳಗೆ ಅದಕ್ಕೆ ಎಡೆಯಿಲ್ಲ. ಉಂಡೆದ್ದ ಮಗ ತಾಯಿಗೆ ಧನ್ಯವಾದ ಹೇಳಿದರೆ ಆಕೆ ಹಣೆ ಮುಟ್ಟಿ ಜ್ವರವಿದೆಯೇ ಎಂದು ನೋಡಿಯಾಳು. ಹಾಗೆಂದು ನಾವು ಉಪಕಾರ ಮರೆಯುವ ಜನವೆಂದು ತಿಳಿಯಬೇಕಾಗಿಲ್ಲ. ನಮ್ಮ ಮಾತು ಬೇರೆ, ಅದು ‘ಋಣ’. ಧನ್ಯವಾದವನ್ನು ಹೇಳಿ ಮುಗಿಸಬಹುದು, ಋಣವನ್ನು ಹೇಳಿ ಮುಗಿಸಲಾಗುವುದಿಲ್ಲ. ಹಳಗನ್ನಡದ ಕಾವ್ಯಗಳಲ್ಲಿಯೂ ಶಾಸನಗಳಲ್ಲಿಯೂ ಬರುವ ‘ಜೋಳದ ಪಾಳಿ’ ಎಂಬ ಮಾತು ಬಲ್ಲವರಿಗೆ ಇದು ಹೊಸದಲ್ಲ. ಒಡೆಯನ ಜೋಳವನ್ನುಂಡವನು ಪ್ರಾಣ ಕೊಟ್ಟಾದರೂ ಆ ಋಣವನ್ನು ತೀರಿಸಬೇಕು. ಪಂಪನ ಕರ್ಣ ತನ್ನ ಹುಟ್ಟಿನ ಗುಟ್ಟು ತಿಳಿದ ಮೇಲೂ ದುರ್ಯೋಧನನನ್ನು ಬಿಟ್ಟು ಬರಲೊಪ್ಪದೆ ನಿಂತದ್ದು ಇಂಥ ಋಣಕ್ಕೆ ಕಟ್ಟುಬಿದ್ದು.

ಆ ಪಂಪ ಮನಸಾರೆ ಹಾಡಿದ ಬನವಾಸಿಯಿಂದ ಬಡಗಣಕ್ಕೆ ಹೊರಟರೆ ಮುಂಡಗೋಡ ಸಿಕ್ಕುತ್ತದೆ, ಅದರಾಚೆ ಹಳಿಯಾಳ, ಇತ್ತೀಚಿನವರೆಗೆ ಹಳಿಯಾಳದೊಳಗೇ ಇದ್ದು ಈಗ ತಾನೇ ಒಂದು ತಾಲ್ಲೂಕಾಗಿರುವ ದಾಂಡೇಲಿ, ಮತ್ತೆ ಪಡುವಣಕ್ಕೆ, ಗೋವೆಯ ಗಡಿಗೆ ಒರಗಿಕೊಂಡ ಜೋಯಿಡಾ. ಉತ್ತರ ಕನ್ನಡ ಜಿಲ್ಲೆಯ ಈ ನಾಲ್ಕು ತಾಲ್ಲೂಕುಗಳ ಇತಿಹಾಸವೆಂದರೆ ಬಹುಮಟ್ಟಿಗೆ ಬಂದವರ ಇತಿಹಾಸ. ಓಡಿ ಬಂದವರು, ಮೇವು ಹುಡುಕಿ ಬಂದವರು, ಕೂಲಿಗೆ ಬಂದವರು, ನೆಲೆ ಕೇಳಿ ಬಂದವರು ಎಲ್ಲರಿಗೂ ಈ ತೇಗದ ಕಾಡು ಒಂದು ಮೂಲೆ ಕೊಟ್ಟಿದೆ. ಹಾಗೆ ಬಂದವರು ವರ್ಷಕ್ಕೊಮ್ಮೆ ಬಂಧುಬಳಗವನ್ನೆಲ್ಲ ಕೂಡಿಸಿಕೊಂಡು ಉಣ್ಣುವಾಗ ಮೊದಲ ಎಡೆಯನ್ನು ಯಾರಿಗೆ ಇಡುತ್ತಾರೆ ಎಂಬುದನ್ನು ನೋಡಿದರೆ, ದಫ್ತರಗಳಲ್ಲಿ ಸಿಕ್ಕದ ಚರಿತ್ರೆ ಸಿಕ್ಕುತ್ತದೆ.

ಹಳಿಯಾಳ ತಾಲ್ಲೂಕಿನ ಒಂದು ಸಿದ್ದಿ ಮನೆಯಲ್ಲಿ ಹಿರಿಯರ ಪೂಜೆಯ ದಿನ ನಾನೂ ಎಲೆಗೆ ಕುಳಿತಿದ್ದೆ. ಕರೆದವನು ನನ್ನ ಹಳೆಯ ವಿದ್ಯಾರ್ಥಿ. ಮನೆಯ ಯಜಮಾನರು, ಅವನ ತಂದೆ, ಕ್ರೈಸ್ತರು. ಕೊರಳಲ್ಲಿ ಕರಿಯ ದಾರಕ್ಕೆ ಪೋಣಿಸಿದ ಶಿಲುಬೆ. ಯಲ್ಲಾಪುರದ ಕಡೆಯಿಂದ ಬಂದಿದ್ದ ಸೋದರಮಾವನ ಹಣೆಯಲ್ಲಿ ಕುಂಕುಮವಿತ್ತು. ಒಬ್ಬ ಅತ್ತೆಯನ್ನು ಮುಸಲ್ಮಾನ ಸಿದ್ದಿಗಳ ಮನೆಗೆ ಕೊಟ್ಟಿದ್ದರು; ಆಕೆ ಸೊಸೆ, ಮೊಮ್ಮಕ್ಕಳೊಡನೆ ಬೆಳಗಿನ ಬಸ್ಸಿಗೇ ಬಂದು ಅಡಿಗೆಮನೆ ಸೇರಿದ್ದರು. ಗೋಡೆಯ ಬದಿಗೆ ಒಂದು ತೆಂಗಿನಕಾಯಿ. ಅದೇ ಹಿರಿಯರು. ಮಾಡಿದ ಅಡಿಗೆಯಲ್ಲಿ ಪ್ರತಿಯೊಂದರ ಪಾಲನ್ನೂ ಎಲೆಯ ಮೇಲೆ ಹಾಕಿ ಅದರ ಮುಂದಿಟ್ಟರು. ಹಸಿದ ಹುಡುಗರು ಕಾಯುತ್ತಿದ್ದರು, ನಾನೂ ಕಾಯುತ್ತಿದ್ದೆ. “ತಡೀರಿ ಸರ್, ಮೊದಲು ಅವರದು ಆಗಲಿ” ಎಂದರು ಯಜಮಾನರು, ಒಳಗಿನ ಕೋಣೆಯಲ್ಲಿ ಯಾರೋ ಊಟಕ್ಕೆ ಕುಳಿತಿದ್ದಾರೆಂಬ ಧ್ವನಿಯಲ್ಲಿ. ಕೈಮುಗಿದವರು ಕೆಲವರು, ಶಿಲುಬೆಯ ಗುರುತು ಮಾಡಿಕೊಂಡವರು ಕೆಲವರು. ಅನಂತರ ಎಲ್ಲರೂ ಒಂದೇ ಸಾಲಿನಲ್ಲಿ ಕುಳಿತೆವು. ಊಟವಾದ ಮೇಲೆ ದಮಾಮಿ ಹೊರಗೆ ಬಂದಿತು. ರಾತ್ರಿ ಬಹಳ ಹೊತ್ತಿನವರೆಗೆ ಅದರ ಪೆಟ್ಟು ನಿಲ್ಲಲಿಲ್ಲ.

ಈ ಹಿರಿಯರು ಯಾರು? ನಾನು ಕೇಳಿದಾಗ ಯಜಮಾನರು ತಮ್ಮ ಅಜ್ಜನ ಹೆಸರು ಹೇಳಿದರು, ಅಜ್ಜನ ತಂದೆಯ ಹೆಸರು ಹೇಳಿದರು, ಅಲ್ಲಿಗೆ ನಿಲ್ಲಿಸಿದರು. ಅದರಾಚೆಗೆ ಹೆಸರಿಲ್ಲ. ಇದು ಮರೆವಿನ ದೋಷವಲ್ಲ. 1510ರಲ್ಲಿ ಗೋವೆಯನ್ನು ಹಿಡಿದ ಪೋರ್ಚುಗೀಜರು ಪೂರ್ವ ಆಫ್ರಿಕದ ಕರಾವಳಿಯಿಂದ ಮನುಷ್ಯರನ್ನು ಹಡಗಿನಲ್ಲಿ ತುಂಬಿ ತಂದು ಮಾರಿದರು. ಮಾರಾಟವಾದವನಿಗೆ ಹೊಸ ಹೆಸರಿಟ್ಟರು, ಹೊಸ ದೇವರನ್ನು ಕೊಟ್ಟರು. ಅವನ ತಂದೆಯ ಹೆಸರನ್ನು ಕೇಳುವ ಪ್ರಮೇಯವೇ ಅವರಿಗೆ ಬರಲಿಲ್ಲ. ಅಂಥವರಲ್ಲಿ ಅನೇಕರು ತಪ್ಪಿಸಿಕೊಂಡು ಘಟ್ಟ ಹತ್ತಿ ಈ ಕಾಡುಗಳನ್ನು ಸೇರಿದರು. ಮುಂದೆ ಆಯಾ ಸೀಮೆಯ ಒಡೆಯರ, ನೆರೆಹೊರೆಯವರ ಪ್ರಭಾವಕ್ಕೆ ತಕ್ಕಂತೆ ಹಿಂದೂಗಳಾದರು, ಮುಸಲ್ಮಾನರಾದರು, ಕ್ರೈಸ್ತರಾಗಿಯೇ ಉಳಿದರು. ಯಲ್ಲಾಪುರ, ಅಂಕೋಲೆಗಳ ಕಡೆ ಹಿಂದೂ ಸಿದ್ದಿಗಳು ಹೆಚ್ಚು. ಹಳಿಯಾಳದ ಕಡೆ ಕ್ರೈಸ್ತರೂ ಮುಸಲ್ಮಾನರೂ ಹೆಚ್ಚು. ಮೂರು ಮತಗಳಾದರೂ ಹಿರಿಯರು ಮಾತ್ರ ಒಬ್ಬರೇ ಉಳಿದರು. ವಂಶಾವಳಿಯನ್ನೇ ಕಳೆದುಕೊಂಡ ಜನ ತಮ್ಮ ಇಡೀ ವಂಶವನ್ನು ಒಂದು ತೆಂಗಿನಕಾಯಿಯಲ್ಲಿ ಆವಾಹನೆ ಮಾಡಿ ಅದಕ್ಕೆ ಅನ್ನವಿಕ್ಕುತ್ತಾರೆ. ಬದುಕಿ ಉಳಿದದ್ದಕ್ಕೆ, ಓಡಿ ಬರುವ ಧೈರ್ಯ ಮಾಡಿದ್ದಕ್ಕೆ, ಹೆಸರಿಲ್ಲದ ಆ ಹಿರಿಯರಿಗೆ ಸಲ್ಲುವ ಕೃತಜ್ಞತೆ ಅದು ಎಂದು ನನ್ನ ಗ್ರಹಿಕೆ. ಅವರು ಆ ಶಬ್ದವನ್ನು ಬಳಸಲಿಲ್ಲ.

ಸಿದ್ದಿಗಳು ಬಂದ ದಿನವನ್ನು ಯಾರೂ ಬರೆದಿಡಲಿಲ್ಲ. ಮುಂಡಗೋಡಕ್ಕೆ ಬಂದ ಇನ್ನೊಂದು ಜನದ ವಿಷಯ ಹಾಗಲ್ಲ. ಅದಕ್ಕೆ ಕಡತಗಳುಂಟು, ಇಸವಿಗಳುಂಟು. 1959ರ ಮಾರ್ಚಿಯಲ್ಲಿ ಲ್ಹಾಸಾದಲ್ಲಿ ದಂಗೆಯೆದ್ದು, ದಲಾಯಿ ಲಾಮಾ ಅವರು ತಿಂಗಳ ಕೊನೆಗೆ ಭಾರತದ ಗಡಿ ದಾಟಿದರು. ಅವರ ಬೆನ್ನಿಗೆ ಸಾವಿರಾರು ಜನ ಬಂದರು. ಹಿಮಾಲಯದ ಇಳಿಜಾರುಗಳಲ್ಲಿ ರಸ್ತೆಯ ಕಲ್ಲು ಒಡೆಯುತ್ತ ಬದುಕುತ್ತಿದ್ದ ಇವರಿಗೆ ನೆಲ ಕೊಡಿರೆಂದು ನೆಹರೂ ರಾಜ್ಯಗಳನ್ನು ಕೇಳಿದಾಗ ಅಂದಿನ ಮೈಸೂರು ರಾಜ್ಯ ಕೈ ಚಾಚಿತು. 1960ರಲ್ಲಿ ಬೈಲುಕುಪ್ಪೆ, 1966ರಲ್ಲಿ ಮುಂಡಗೋಡದ ಬಳಿ ಸುಮಾರು 4,000 ಎಕರೆ. ಬಂಗಾಳದ ಉತ್ತರ ತುದಿಯ ಬಕ್ಸಾ ಕೋಟೆಯಲ್ಲಿ, ಹಿಂದೆ ಬ್ರಿಟಿಷರು ರಾಜಕೀಯ ಕೈದಿಗಳನ್ನಿಟ್ಟಿದ್ದ ಜಾಗದಲ್ಲಿ, ದಿನ ಕಳೆಯುತ್ತಿದ್ದ ಭಿಕ್ಷುಗಳು 1969ರ ಹೊತ್ತಿಗೆ ಇಲ್ಲಿಗೆ ಬಂದು ಡ್ರೆಪುಂಗ್, ಗಾಂದೆನ್ ಮಠಗಳನ್ನು ಮರಳಿ ಕಟ್ಟತೊಡಗಿದರು. ಚಳಿಯ ನಾಡಿನವರಿಗೆ ಇಲ್ಲಿಯ ಏಪ್ರಿಲ್ ತಿಂಗಳು ಹೇಗಿದ್ದಿರಬೇಕೆಂಬುದನ್ನು ಹುಬ್ಬಳ್ಳಿಯ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಕಾಡು ಸವರಿ, ಗುಡಿಸಲು ಹಾಕಿ, ಕಂಡರಿಯದ ಗೋವಿನಜೋಳವನ್ನೂ ಭತ್ತವನ್ನೂ ಬಿತ್ತುವುದನ್ನು ಕಲಿತರು.

ಹೊಲದ ಆದಾಯ ಸಾಲದಾದಾಗ ಅವರು ಹಿಡಿದ ದಾರಿ ಸ್ವೆಟರಿನ ವ್ಯಾಪಾರ. ಚಳಿಗಾಲ ಮೊದಲಾಗುತ್ತಿದ್ದಂತೆ ಮನೆಮನೆಯಿಂದ ಒಬ್ಬಿಬ್ಬರು ಹೊರಟು ಲುಧಿಯಾನದ ಸರಕು ತುಂಬಿಸಿಕೊಂಡು ಊರೂರಿನ ಮೈದಾನಗಳಲ್ಲಿ ಅಂಗಡಿ ಹೂಡುತ್ತಾರೆ. ನಾವೆಲ್ಲ ಚೌಕಾಸಿ ಮಾಡಿ ಕೊಂಡವರೇ. ಆ ಅಂಗಡಿಯ ಹೆಂಗಸು ಚಳಿ ಮುಗಿಯುವ ಹೊತ್ತಿಗೆ ದಿನ ಎಣಿಸುತ್ತಿರುತ್ತಾಳೆಂಬುದು ಕೊಳ್ಳುವವರಿಗೆ ತಿಳಿಯದು. ಫೆಬ್ರವರಿಯಲ್ಲೋ ಮಾರ್ಚಿಯಲ್ಲೋ ಲೋಸರ್ ಬರುತ್ತದೆ. ಲೋ ಎಂದರೆ ವರ್ಷ, ಸರ್ ಎಂದರೆ ಹೊಸದು, ನಮ್ಮ ಯುಗಾದಿ. ಅಷ್ಟರೊಳಗೆ ಲೆಕ್ಕ ಚುಕ್ತಾ ಮಾಡಿ ಮುಂಡಗೋಡದ ಕ್ಯಾಂಪು ಸೇರಬೇಕು. ವರ್ಷದ ಕೊನೆಯ ತಿಂಗಳ 29ನೆಯ ದಿನ ರಾತ್ರಿ ಒಂಬತ್ತು ಬಗೆಯ ಪದಾರ್ಥ ಹಾಕಿದ ಗುಥುಕ್ ಎಂಬ ಗಂಜಿಯನ್ನು ಕುಟುಂಬವೆಲ್ಲ ಕೂಡಿ ಕುಡಿಯುತ್ತದೆ. ಅದರಲ್ಲಿ ತೇಲುವ ಹಿಟ್ಟಿನ ಉಂಡೆಗಳೊಳಗೆ ಏನಾದರೂ ಅಡಗಿಸಿಟ್ಟಿರುತ್ತಾರೆ. ಇದ್ದಿಲು ಸಿಕ್ಕವನ ಮನಸ್ಸು ಕಪ್ಪು, ಮೆಣಸಿನಕಾಯಿ ಸಿಕ್ಕವಳು ಮಾತಿನಮಲ್ಲಿ, ಉಣ್ಣೆ ಸಿಕ್ಕವರು ಮೃದುಹೃದಯಿಗಳು. ವರ್ಷವಿಡೀ ದೂರವಿದ್ದ ದಾಯಾದಿಗಳನ್ನು ಒಟ್ಟಿಗೆ ನಗಿಸುವುದಕ್ಕೆ ಇದಕ್ಕಿಂತ ಅಗ್ಗದ ಉಪಾಯವಿಲ್ಲ. ಹೊಸ ವರ್ಷದ ಬೆಳಿಗ್ಗೆ ಮರದ ಪೆಟ್ಟಿಗೆಯಲ್ಲಿಟ್ಟ ಹುರಿದ ಹಿಟ್ಟಿನ ಚೆಮಾರ್ ಬರುತ್ತದೆ. ಒಂದು ಚಿಟಿಕೆ ತೆಗೆದು ಮೂರು ಸಲ ಗಾಳಿಗೆ ತೂರಿ, ಆಮೇಲೆ ತಮ್ಮ ನಾಲಿಗೆಗೆ. ಇಲ್ಲಿಯೂ ಮೊದಲ ಪಾಲು ಉಣ್ಣುವವನದಲ್ಲ.

ಈ ಕುಟುಂಬಗಳು ಈಚೆಗೆ ಇನ್ನೂ ಹರಡಿವೆ. 1990ರ ವಲಸೆ ಕಾಯಿದೆಯ ಮೂಲಕ ಅಮೆರಿಕ ಭಾರತ-ನೇಪಾಳಗಳಲ್ಲಿದ್ದ 1,000 ಟಿಬೆಟನ್ನರಿಗೆ ಪ್ರವೇಶ ಕೊಟ್ಟಿತು. ಅವರ ಹಿಂದೆ ಮಕ್ಕಳು, ತಮ್ಮಂದಿರು ಹೋದರು. ಅಲ್ಲಿ ನವೆಂಬರಿನ ನಾಲ್ಕನೆಯ ಗುರುವಾರ ಊರಿಗೆ ಊರೇ ಅಂಗಡಿ ಮುಚ್ಚಿ ಅಜ್ಜನ ಮನೆಗೆ ಹೋಗಿ ಟರ್ಕಿ ಕೋಳಿಯ ಊಟ ಮಾಡುತ್ತದೆ. ‘ಥ್ಯಾಂಕ್ಸ್‌ಗಿವಿಂಗ್’ ಎಂದು ಅದರ ಹೆಸರು. ದೂರದ ಬಂಧುಗಳೆಲ್ಲ ಸೇರಿ ಉಣ್ಣುವ ಹಬ್ಬ ನಮ್ಮವರಿಗೆ ವಿಚಿತ್ರವಾಗಿ ಕಾಣಲಾರದು. ಆದರೆ ಅದರ ಮೂಲ ಕಥೆ ಗಮನಿಸತಕ್ಕದ್ದು. 1620ರಲ್ಲಿ ಪ್ಲಿಮತ್‌ನಲ್ಲಿ ಇಳಿದ 102 ಇಂಗ್ಲಿಷರಲ್ಲಿ ಮೊದಲ ಚಳಿಗಾಲ ದಾಟಿದವರು ಅರ್ಧದಷ್ಟು. ಮರುವರ್ಷ ಸುಗ್ಗಿಯಾದಾಗ ಅವರು ಮಾಡಿದ ಮೂರು ದಿನದ ಊಟಕ್ಕೆ ಆ ನೆಲದ ವಾಂಪನೋಗ್ ಜನ 90 ಮಂದಿ, ತಮ್ಮ ನಾಯಕ ಮಸಸಾಯಿಟನೊಡನೆ, ಐದು ಜಿಂಕೆಗಳನ್ನು ತಂದು ಕುಳಿತರು. 1863ರಲ್ಲಿ ಲಿಂಕನ್ ಇಂಥದೊಂದು ದಿನವನ್ನು ರಾಷ್ಟ್ರಕ್ಕೆಲ್ಲ ಸಾರಿದರು. 1941ರಲ್ಲಿ ಅದಕ್ಕೆ ಕಾನೂನಾಯಿತು. ಜಿಂಕೆ ತಂದವರ ಸಂತಾನ ಮಾತ್ರ 1970ರಿಂದ ಅದೇ ಗುರುವಾರ ಅದೇ ಪ್ಲಿಮತ್‌ನಲ್ಲಿ ಶೋಕದಿನ ಆಚರಿಸುತ್ತದೆ. ಅತಿಥಿಗಳು ದೇವರಿಗೆ ಕೃತಜ್ಞತೆ ಹೇಳಿದರು, ನೆಲದವರ ನೆಲ ಹೋಯಿತು.

ಮುಂಡಗೋಡದ ಅತಿಥಿಗಳು ಹಾಗೆ ಮಾಡಲಿಲ್ಲ. ಆತಿಥೇಯರ ಹೆಸರು ಹಿಡಿದೇ ಕೃತಜ್ಞತೆ ಹೇಳಿದರು. 2018ರ ಆಗಸ್ಟ್ 10ರಂದು ಬೆಂಗಳೂರಿನಲ್ಲಿ ‘ಥ್ಯಾಂಕ್ ಯೂ ಕರ್ನಾಟಕ’ ಎಂಬ ಸಮಾರಂಭವನ್ನೇ ಏರ್ಪಡಿಸಿದರು. ದಲಾಯಿ ಲಾಮಾ ಅವರು ಬಂದಿದ್ದರು, ಅಂದಿನ ಮುಖ್ಯಮಂತ್ರಿ ಕುಮಾರಸ್ವಾಮಿಯವರು ಬಂದಿದ್ದರು. ಎಸ್. ನಿಜಲಿಂಗಪ್ಪನವರ ಉಪಕಾರವನ್ನು ಲಾಮಾ ಅವರು ನೆನೆದರು. ಅದು ಅವರು ತಪ್ಪದೆ ನೆನೆಯುವ ಹೆಸರು. ಇತಿಹಾಸದ ಮೇಷ್ಟರೊಬ್ಬರು ಇಲ್ಲಿ ಒಂದು ತಕರಾರು ತೆಗೆಯಬಹುದು: ಮುಂಡಗೋಡದ ಕಾಲಕ್ಕೆ ನಿಜಲಿಂಗಪ್ಪನವರು ಮುಖ್ಯಮಂತ್ರಿಗಳು, ನಿಜ, ಬೈಲುಕುಪ್ಪೆಯ 1960ರಲ್ಲಿ ಆ ಗದ್ದುಗೆಯ ಮೇಲಿದ್ದವರು ಬಿ.ಡಿ. ಜತ್ತಿಯವರು. ಕೃತಜ್ಞತೆಯ ನೆನಪು ಅನೇಕ ಕೈಗಳ ಕೆಲಸವನ್ನು ಒಂದು ಹೆಸರಿಗೆ ಕಟ್ಟಿಬಿಡುತ್ತದೆ. ಅದು ಕ್ಷಮ್ಯ. ಸರಕಾರದ ಹೆಸರಿನ ಹಿಂದೆ ಮರೆಯಾದ ನೆರೆಯವರದೇ ನನ್ನ ಚಿಂತೆ.

ಮುಂಡಗೋಡ, ಹಳಿಯಾಳಗಳ ಕಾಡಿನಂಚಿನಲ್ಲಿ ದನಗರ ಗೌಳಿಗರ ವಾಡೆಗಳಿವೆ. ಪಶ್ಚಿಮ ಮಹಾರಾಷ್ಟ್ರದಿಂದ ಎಮ್ಮೆಗಳ ಹಿಂದೆ ಮೇವು ಹುಡುಕುತ್ತ ಬಂದ ಜನ. ದಸರೆಯ ‘ಶಿಲಂಗಾಣ’ಕ್ಕೆ ಚದುರಿದ ಬಳಗವೆಲ್ಲ ಒಂದೆಡೆ ಸೇರಿ ಕುಣಿಯುತ್ತದೆ. ಜೋಯಿಡಾದಲ್ಲಿ ಗಡ್ಡೆಗೆಣಸಿನ ಬೇಸಾಯ ಬಲ್ಲ ಕುಣಬಿಗಳು. 2006ರ ಅರಣ್ಯ ಹಕ್ಕು ಕಾಯಿದೆಯ ಪ್ರಕಾರ ಪರಿಶಿಷ್ಟ ಪಂಗಡಕ್ಕೆ ಸೇರದ ಕಾಡಿನ ನಿವಾಸಿ 2005ರ ಡಿಸೆಂಬರಿಗೆ ಮುಂಚೆ ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲಿದ್ದುದನ್ನು ತೋರಿಸಬೇಕು. 1930ರಲ್ಲಿ ಎಮ್ಮೆ ಕಾಯುತ್ತಿದ್ದವನು ಯಾವ ರಸೀದಿಯನ್ನು ಇಟ್ಟಿದ್ದಾನು? ನಿಯಮ ಊರ ಹಿರಿಯರ ಹೇಳಿಕೆಯನ್ನೂ ಸಾಕ್ಷ್ಯವೆಂದು ಒಪ್ಪುತ್ತದೆಂಬುದೊಂದು ಸಮಾಧಾನ. ಸಿದ್ದಿಗಳಿಗೂ ಪರಿಶಿಷ್ಟ ಪಂಗಡದ ಹೆಸರು ದೊರೆತದ್ದು 2003ರಲ್ಲಿ, ಬಂದು ಶತಮಾನಗಳಾದ ಮೇಲೆ. ಟಿಬೆಟನ್ನರಿಗೆ ಏಕೆ ಕೊಟ್ಟಿರಿ ಎಂಬ ಮಾತು ಇದಲ್ಲ. ಅವರ ನೆಲವೂ ಸ್ವಂತದ್ದಲ್ಲ, ಗುತ್ತಿಗೆಯದು. ಮರಳಿ ಹೋಗುವ ಊರು ಕಣ್ಣಿಗೆ ಕಾಣುವಂತಿಲ್ಲ. ಆದರೆ 1966ರಲ್ಲಿ ನೆಲ ಕೊಟ್ಟದ್ದು ವಿಧಾನಸೌಧದ ಒಂದು ಆಜ್ಞೆ. ಕಾಡು ಬಿಟ್ಟು ಸರಿದವು ಅದರಲ್ಲಿ ಮೇಯುತ್ತಿದ್ದ ದನಗಳು. ಜಿಂಕೆ ತಂದವರ ಸಾಲಿನಲ್ಲಿ ಇವರೂ ಕುಳಿತಿರಬೇಕಾಗಿತ್ತು.

ಜೋಯಿಡಾ ತಾಲ್ಲೂಕಿಗೆ ಹಿಂದೆ ಸೂಪಾ ಎಂದು ಹೆಸರು. ಆ ಹೆಸರಿನ ಊರು ಈಗಿಲ್ಲ. 101 ಮೀಟರು ಎತ್ತರದ ಅಣೆಕಟ್ಟಿನ ಹಿಂದೆ ಕಾಳಿ ನದಿ ನಿಂತಾಗ 1980ರ ದಶಕದಲ್ಲಿ ಸುತ್ತಲಿನ ಹಳ್ಳಿಗಳೊಡನೆ ಮುಳುಗಿತು. ಅಲ್ಲಿಯ ಅನೇಕ ಕುಟುಂಬಗಳನ್ನು ರಾಮನಗರದಲ್ಲಿ ನೆಲೆಗೊಳಿಸಿದರು. ಅವರ ಹಿರಿಯರ ಹೊಲ, ಮನೆಯ ಜಗಲಿ, ಶೀಗಿ ಹುಣ್ಣಿಮೆಯ ದಿನ ಬಳಗವೆಲ್ಲ ಕೂಡಿ ಭೂತಾಯಿಗೆ ಚರಗ ಚೆಲ್ಲಬಹುದಾಗಿದ್ದ ಬದು, ಎಲ್ಲದರ ಮೇಲೆ ನೀರು ನಿಂತಿದೆ. ಆ ನೀರು ಕೆಳಗೆ ನಾಗಝರಿಯಲ್ಲಿ ಯಂತ್ರ ತಿರುಗಿಸಿ ಕರ್ನಾಟಕಕ್ಕೆ ವಿದ್ಯುತ್ತು ಕೊಡುತ್ತದೆ. ಸೂಪಾದವರನ್ನು ಬೆಂಗಳೂರಿಗೆ ಕರೆಸಿ ‘ನಿಮ್ಮ ಊರು ಕೊಟ್ಟಿರಿ’ ಎಂದು ಯಾರಾದರೂ ಹಾರ ಹಾಕಿದ್ದನ್ನು ನಾನು ಕೇಳಿಲ್ಲ. 2018ರ ಆ ದಿನ ವಂದನೆಯ ಮಾತುಗಳು ನಡೆದ ಸಭಾಂಗಣದಲ್ಲಿ ಉರಿಯುತ್ತಿದ್ದ ದೀಪಗಳಲ್ಲಿ ಕಾಳಿಯ ನೀರಿನ ಪಾಲೂ ಇದ್ದಿರಬೇಕು.